ಜಗಳ ಒಂದು, ಕೇಸು ಮೂರು, ಲಾಯರ್ ಒಬ್ಬರು

ಅಮೆರಿಕದಲ್ಲಿ ಗಂಡ ಹೆಂಡತಿ ಜಗಳ ಜೋರಾಗಿ ಯಾರೋ ಪೊಲೀಸರ ತುರ್ತು ನಂಬರ್ 911ಕ್ಕೆ ಫೋನ್ ಮಾಡಿದರು ಅಂತ ಇಟ್ಟುಕೊಳ್ಳಿ. ಪಕ್ಕದ ಅಪಾರ್ಟ್‌ಮೆಂಟಿನವರೇ ಮಾಡಿರಬಹುದು. ಪೊಲೀಸರು ಬಂದು ಗಂಡನನ್ನು ಕರೆದುಕೊಂಡು ಹೋದರು. ಅಲ್ಲಿಗೆ ಒಂದು ಕ್ರಿಮಿನಲ್ ಕೇಸು ಶುರು. ಎರಡು ದಿನ ಬಿಟ್ಟು ಹೆಂಡತಿ ಪ್ರೊಟೆಕ್ಟಿವ್ ಆರ್ಡರ್, ಅಂದರೆ ಗಂಡ ತನ್ನ ಹತ್ತಿರ ಬರಬಾರದು ಅನ್ನುವಂಥ ಕೋರ್ಟ್ ಆದೇಶ, ಕೇಳಿ ಅರ್ಜಿ ಹಾಕುತ್ತಾಳೆ. ಅದರ ಹಿಂದೆಯೇ ಡೈವೋರ್ಸ್, ಮಗುವಿನ ಕಸ್ಟಡಿ. ಇದು ಫ್ಯಾಮಿಲಿ ಕೋರ್ಟಿನ ಕಥೆ, ಜಡ್ಜ್ ಬೇರೆ, ಕಟ್ಟಡ ಬೇರೆ. ಇನ್ನು ಆತ ಎಚ್-1ಬಿ ಅನ್ನುವ ಕೆಲಸದ ವೀಸಾದಲ್ಲಿ, ಆಕೆ ಅದನ್ನೇ ನಂಬಿರುವ ಎಚ್-4 ವೀಸಾದಲ್ಲಿ ಇದ್ದರೆ ವೀಸಾ ಅನ್ನೋದು ಮೂರನೇ ಕೇಸು. ಅದಕ್ಕೆ ಸದ್ಯಕ್ಕೆ ನಂಬರ್ ಬಿದ್ದಿರುವುದಿಲ್ಲ, ಅಷ್ಟೇ.

ಇಂಥ ಹೊತ್ತಿನಲ್ಲಿ ನಮ್ಮವರು ಮಾಡುವ ಮೊದಲ ಕೆಲಸ, ಗೊತ್ತಿದ್ದವರಿಗೆ ಫೋನ್ ಮಾಡಿ "ಯಾರಾದ್ರೂ ಒಳ್ಳೇ ಲಾಯರ್ ಇದಾರಾ?" ಅಂತ ಕೇಳುವುದು. ಹೆಚ್ಚಿನ ಸಲ ಸಿಗುವುದು ಒಬ್ಬರೇ ನಡೆಸುವ ಆಫೀಸಿನ ಹೆಸರು. ಇಲ್ಲಿ ಅವರಿಗೆ ಸೋಲೋ ಅಟಾರ್ನಿ ಅನ್ನುತ್ತಾರೆ. ಬಾಗಿಲ ಮೇಲೆ "ಫ್ಯಾಮಿಲಿ ಲಾ, ಕ್ರಿಮಿನಲ್ ಡಿಫೆನ್ಸ್" ಅಂತ ಎರಡೂ ಬರೆದಿರುತ್ತದೆ. ನಾನು ಲಾಯರ್ ಅಲ್ಲ. ಅಂಥ ಒಂದು ಆಫೀಸಿನಲ್ಲಿ ಪ್ಯಾರಾಲೀಗಲ್, ಅಂದರೆ ಲಾಯರಿನ ಸಹಾಯಕಿ, ಆಗಿ ಕೆಲಸ ಮಾಡಿದವಳು. ಫೈಲು ಜೋಡಿಸಿದ್ದೇನೆ, ಬಿಲ್ಲು ಟೈಪ್ ಮಾಡಿದ್ದೇನೆ, ಅಳುತ್ತಾ ಫೋನ್ ಮಾಡಿದವರ ಜೊತೆ ಮಾತಾಡಿದ್ದೇನೆ. ಹಾಗಾಗಿ ಇಲ್ಲಿ ಹೇಳುವುದನ್ನು ಕಾನೂನು ಸಲಹೆ ಅಂದುಕೊಳ್ಳಬೇಡಿ. ಯಾರನ್ನು ಹೇಗೆ ಗೊತ್ತುಮಾಡಬೇಕು, ಅದಷ್ಟೇ ನನ್ನ ವಿಷಯ.

ಎರಡನ್ನೂ ಒಬ್ಬರೇ ಮಾಡಿದರೆ ಯಾವುದನ್ನೂ ಸರಿಯಾಗಿ ಮಾಡಲ್ಲ ಅಂತ ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಯಾಕೆ ಅಂತ ಒಂದು ಉದಾಹರಣೆ ಕೊಡುತ್ತೇನೆ.

ಪ್ರೊಟೆಕ್ಟಿವ್ ಆರ್ಡರ್ ವಿಚಾರಣೆ ಬೇಗ ಬರುತ್ತದೆ. ಕ್ರಿಮಿನಲ್ ಕೇಸು ತಿಂಗಳುಗಟ್ಟಲೆ ಎಳೆಯುತ್ತದೆ. ಫ್ಯಾಮಿಲಿ ಕೇಸು ಮಾತ್ರ ನೋಡುವ ಲಾಯರ್ ಏನು ಯೋಚಿಸುತ್ತಾರೆ? ಜಡ್ಜ್ ಎದುರು ನಮ್ಮ ಕಕ್ಷಿದಾರ ತನ್ನ ಕಡೆಯ ಮಾತು ಹೇಳಲಿ, ಇಲ್ಲದಿದ್ದರೆ ಮಗು ನೋಡುವುದಕ್ಕೂ ಬಿಡಲ್ಲ, ಅಂತ. ಆತ ಪ್ರಮಾಣ ಮಾಡಿ ಕೂತು, "ನಾನು ತಳ್ಳಿದ್ದು ನಿಜ ಸಾರ್, ಆದರೆ ಮೊದಲು ಅವಳೇ..." ಅಂತ ಶುರುಮಾಡುತ್ತಾನೆ. ಮುಗೀತು. ಆ ಮಾತು ದಾಖಲಾಯಿತು. ಪ್ರಾಸಿಕ್ಯೂಟರ್, ಅಂದರೆ ಸರ್ಕಾರದ ಪರ ವಕೀಲರು, ಅದನ್ನು ತರಿಸಿಕೊಂಡು ಕ್ರಿಮಿನಲ್ ಕೋರ್ಟಿನಲ್ಲಿ ಓದಬಹುದು. "ತಳ್ಳಿದ್ದು ನಿಜ" ಅನ್ನುವಷ್ಟನ್ನೇ ಓದುತ್ತಾರೆ. "ಆದರೆ" ಅನ್ನುವಲ್ಲಿಗೆ ನಿಲ್ಲಿಸುತ್ತಾರೆ.

ಹಾಗಾದರೆ ಬಾಯಿ ಮುಚ್ಚಿಕೊಂಡಿರಬೇಕಾ? ಕ್ರಿಮಿನಲ್ ಕೇಸಿನಲ್ಲಿ ಆರೋಪಿ ಸುಮ್ಮನಿದ್ದರೆ ಅದನ್ನು ಅವನ ವಿರುದ್ಧ ಬಳಸುವ ಹಾಗಿಲ್ಲ. ಸಂವಿಧಾನದ ಐದನೇ ತಿದ್ದುಪಡಿ ಕೊಟ್ಟ ರಕ್ಷಣೆ ಅದು. ಆದರೆ ಪ್ರೊಟೆಕ್ಟಿವ್ ಆರ್ಡರ್‌ನಂಥ ಸಿವಿಲ್ ಕೇಸಿಗೆ ಈ ಮಾತು ಪೂರ್ತಿ ಅನ್ವಯಿಸುವುದಿಲ್ಲ. ಅಲ್ಲಿ ಮೌನದಿಂದ ಪ್ರತಿಕೂಲ ಅರ್ಥ ತೆಗೆಯುವುದನ್ನು ಸಂವಿಧಾನ ತಡೆಯುವುದಿಲ್ಲ ಅಂತ ಸುಪ್ರೀಂ ಕೋರ್ಟ್ 1976ರಲ್ಲೇ, ಬ್ಯಾಕ್ಸ್‌ಟರ್ ಕೇಸಿನಲ್ಲಿ ಹೇಳಿದೆ. ಅಂದರೆ ಒಂದು ಕೋರ್ಟಿನಲ್ಲಿ ಮಾತಾಡಿದರೆ ಕಷ್ಟ, ಇನ್ನೊಂದರಲ್ಲಿ ಮಾತಾಡದಿದ್ದರೆ ಕಷ್ಟ. ಎರಡು ಕೇಸಿಗೆ ಇಬ್ಬರು ಲಾಯರ್ ಇದ್ದು, ಅವರಿಬ್ಬರೂ ಒಂದು ಸಲವೂ ಫೋನಿನಲ್ಲಿ ಮಾತಾಡಿರದಿದ್ದರೆ ಈ ಇಕ್ಕಟ್ಟು ಕಾಣುವುದೇ ಇಲ್ಲ. ಎರಡೂ ಮಾಡುವ ಒಬ್ಬರಿಗೆ ಮೊದಲ ದಿನವೇ ಕಾಣುತ್ತದೆ. ಸಿವಿಲ್ ವಿಚಾರಣೆ ಮುಂದಕ್ಕೆ ಹಾಕಿ ಅಂತ ಕೇಳಿಕೊಳ್ಳಬಹುದು. ತಪ್ಪು ಒಪ್ಪಿಕೊಳ್ಳದೆ ಕೆಲವು ಷರತ್ತಿಗೆ ಮಾತ್ರ ಒಪ್ಪುವ ದಾರಿ ಇದೆಯಾ ನೋಡಬಹುದು.

ಇದು ಹೆಂಡತಿಯ ಕಡೆಗೂ ಅಷ್ಟೇ ನಿಜ. ಊರಿಂದ ಅತ್ತೆ ಮಾವ ಫೋನ್ ಮಾಡಿ "ಕಂಪ್ಲೇಂಟ್ ವಾಪಸ್ ತಗೊಳ್ಳಮ್ಮಾ" ಅಂತಾರೆ. ಇಲ್ಲಿ ಅದು ಅವಳ ಕೈಯಲ್ಲಿ ಇಲ್ಲ. ಕೇಸು ನಡೆಸುವುದು ಸರ್ಕಾರ, ಬಿಡುವುದೂ ಬಿಡದಿರುವುದೂ ಪ್ರಾಸಿಕ್ಯೂಟರ್ ಇಷ್ಟ. ಒತ್ತಾಯಕ್ಕೆ "ಏನೂ ಆಗಿಲ್ಲ" ಅಂತ ಅಫಿಡವಿಟ್‌ಗೆ ಸಹಿ ಹಾಕಿದರೆ ನಾಳೆ ಕಸ್ಟಡಿ ಕೇಸಿನಲ್ಲಿ ಅದೇ ಕಾಗದ ಅವಳ ಮುಂದೆ ಬಂದು ಕೂರುತ್ತದೆ.

ಇನ್ನೊಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ, ಆಮೇಲೆ ಮರೆತುಹೋಗುತ್ತದೆ. ಬೇಲ್ ಮೇಲೆ ಬಿಡುವಾಗ "ನೋ ಕಾಂಟ್ಯಾಕ್ಟ್" ಷರತ್ತು ಹಾಕಿರುತ್ತಾರೆ. ಹೆಂಡತಿಯೇ ಫೋನ್ ಮಾಡಿ "ಬಾ, ಮಗು ಕೇಳ್ತಿದೆ" ಅಂದರೂ ಹೋಗುವ ಹಾಗಿಲ್ಲ. ಹೋದರೆ ಸಿಕ್ಕಿಬೀಳುವವನು ಆತ, ಕರೆದವಳಲ್ಲ. ಜಡ್ಜ್ ಆ ಷರತ್ತು ತೆಗೆಯುವವರೆಗೂ ವಾಟ್ಸಾಪ್‌ನಲ್ಲಿ ಒಂದು ಮೆಸೇಜೂ ಬೇಡ. ತಂಗಿಯ ಮೂಲಕ ಹೇಳಿಕಳಿಸುವುದೂ ಕಾಂಟ್ಯಾಕ್ಟೇ. ಜೈಲಿನ ಫೋನಿನಲ್ಲಿ ಆಡಿದ ಮಾತು ಸಾಮಾನ್ಯವಾಗಿ ರೆಕಾರ್ಡ್ ಆಗುತ್ತದೆ. ಕನ್ನಡದಲ್ಲಿ ಆಡಿದರೆ ಯಾರಿಗೆ ತಿಳಿಯುತ್ತೆ ಅಂದುಕೊಳ್ಳಬೇಡಿ, ತರ್ಜುಮೆ ಮಾಡಿಸುತ್ತಾರೆ.

ಸರಿ, ಒಬ್ಬರೇ ಲಾಯರ್ ಇದ್ದರೆ ಎಲ್ಲ ಚೆನ್ನ ಅಂತಲ್ಲ. ಒಬ್ಬರು ಎರಡು ಕೋರ್ಟಿನಲ್ಲಿ ಒಟ್ಟಿಗೆ ನಿಲ್ಲುವುದಕ್ಕೆ ಆಗಲ್ಲ, ಅಲ್ವಾ? ನಮ್ಮ ಆಫೀಸಿನಲ್ಲಿ ಸೋಮವಾರ ಅಂದರೆ ನನಗೆ ಎದೆ ಹೊಡೆದುಕೊಳ್ಳುತ್ತಿತ್ತು. ಒಂಬತ್ತಕ್ಕೆ ಕ್ರಿಮಿನಲ್ ಕೋರ್ಟು. ಅಲ್ಲಿ ನಿಮ್ಮ ಕೇಸು ಮೊದಲು ಕೂಗುತ್ತಾರೋ ಹನ್ನೊಂದಕ್ಕೆ ಕೂಗುತ್ತಾರೋ ಯಾರಿಗೂ ಗೊತ್ತಿಲ್ಲ. ಒಂಬತ್ತೂವರೆಗೆ ಪಕ್ಕದ ಕೌಂಟಿಯಲ್ಲಿ ಕಸ್ಟಡಿ ವಿಚಾರಣೆ. ನಾನು ಆ ಕೋರ್ಟಿನ ಕ್ಲರ್ಕ್‌ಗೆ ಫೋನ್ ಮಾಡಿ "ಮೇಡಂ ಇನ್ನೊಂದು ಕಡೆ ಇದ್ದಾರೆ, ನಮ್ಮ ಕೇಸು ಕೊನೆಗೆ ಇಟ್ಟುಕೊಳ್ಳಿ" ಅಂತ ಕೇಳಬೇಕು. ಅಲ್ಲಿ ಬೆಂಚಿನ ಮೇಲೆ ಕೂತಿರುವ ಕಕ್ಷಿದಾರಳು ನನಗೇ ಮೆಸೇಜ್ ಮಾಡುತ್ತಿರುತ್ತಾಳೆ, ಅವರು ಎಲ್ಲಿ, ಎದುರಿನ ಲಾಯರ್ ಬಂದಾಯ್ತು, ಅಂತ. ತೀರಾ ಆಗದೇ ಇದ್ದಾಗ ಇನ್ನೊಬ್ಬ ಸೋಲೋ ಲಾಯರ್ ಬಂದು ನಿಂತು, ಮುಂದಿನ ತಾರೀಕು ತೆಗೆದುಕೊಂಡು ಹೋಗುತ್ತಿದ್ದರು. ಇವರೂ ಅವರಿಗೆ ಹಾಗೇ ಮಾಡುತ್ತಿದ್ದರು. ಈ ಕೊಡುಕೊಳ್ಳುವಿಕೆ ಇಟ್ಟುಕೊಂಡಿರುವ ಸೋಲೋ ಬೇರೆ, ಇಲ್ಲದ ಸೋಲೋ ಬೇರೆ.

ಅದಕ್ಕೇ ಮೊದಲ ಭೇಟಿಯಲ್ಲಿ "ಎಷ್ಟು ಕೇಸು ಗೆದ್ದಿದ್ದೀರಿ" ಅಂತ ಕೇಳಬೇಡಿ. ಕ್ರಿಮಿನಲ್ ಡಿಫೆನ್ಸಿನಲ್ಲಿ, ಅದಕ್ಕಿಂತ ಹೆಚ್ಚಾಗಿ ಡೈವೋರ್ಸಿನಲ್ಲಿ, ಗೆಲುವು ಅಂದರೆ ಏನು ಅನ್ನೋದೇ ಗೊಂದಲ. "ನೀವು ಬೇರೆ ಟ್ರಯಲ್‌ನಲ್ಲಿ ಇದ್ದ ದಿನ ನನಗೆ ಅರ್ಜೆಂಟ್ ಬಂದರೆ ಯಾರು ಫೋನ್ ಎತ್ತುತ್ತಾರೆ?" ಅಂತ ಕೇಳಿ. "ನಿಮಗೆ ಹುಷಾರಿಲ್ಲದೆ ಆದರೆ ನನ್ನ ಫೈಲು ಯಾರು ನೋಡುತ್ತಾರೆ?" ಅಂತ ಕೇಳಿ. ಕೇಳುವುದಕ್ಕೆ ಸಂಕೋಚ ಬೇಡ. ಲಾಯರುಗಳ ಸಂಘ ಅಮೆರಿಕನ್ ಬಾರ್ ಅಸೋಸಿಯೇಷನ್ನಿನ ಮಾದರಿ ನಿಯಮಗಳಿವೆ, ಅದರಲ್ಲಿ 1.3ರ ವಿವರಣೆಯಲ್ಲೇ ಈ ಮಾತಿದೆ: ಒಬ್ಬರೇ ಕೆಲಸ ಮಾಡುವ ಲಾಯರ್ ತಾನು ಸತ್ತರೆ ಅಥವಾ ಕೆಲಸ ಮಾಡಲಾಗದೆ ಹೋದರೆ ಫೈಲು ನೋಡುವುದಕ್ಕೆ ಇನ್ನೊಬ್ಬ ಲಾಯರನ್ನು ಮೊದಲೇ ಗೊತ್ತುಮಾಡಿ ಇಡಬೇಕಾಗಬಹುದು ಅಂತ. ಹೆಸರು ಹೇಳಿದರೆ ಒಳ್ಳೆಯದು. ಮುಖ ಗಂಟಿಕ್ಕಿದರೆ ನೀವು ಎದ್ದು ಬರಬಹುದು.

ದುಡ್ಡಿನ ವಿಷಯಕ್ಕೆ ಬರೋಣ. ಕ್ರಿಮಿನಲ್ ಕೇಸಿಗೆ ಸಾಮಾನ್ಯವಾಗಿ ಫ್ಲ್ಯಾಟ್ ಫೀ, ಇಡೀ ಕೇಸಿಗೆ ಇಷ್ಟು ಅಂತ. ಆ "ಇಡೀ ಕೇಸು" ಎಲ್ಲಿಗೆ ಮುಗಿಯುತ್ತದೆ ಅನ್ನೋದನ್ನು ಓದಿ ನೋಡಿ. ಟ್ರಯಲ್ ಸೇರಿದೆಯಾ, ಇಲ್ಲವಾ? ಬಹಳ ಕಡೆ ಸೇರಿರುವುದಿಲ್ಲ. ಫ್ಯಾಮಿಲಿ ಕೇಸು ಗಂಟೆ ಲೆಕ್ಕ. ಮೊದಲೇ ಒಂದು ಮೊತ್ತ ರಿಟೇನರ್ ಅಂತ ಇಡಿಸಿಕೊಳ್ಳುತ್ತಾರೆ. ಅದು ಟ್ರಸ್ಟ್ ಅಕೌಂಟಿನಲ್ಲಿರಬೇಕು, ಲಾಯರ್ ಸ್ವಂತ ದುಡ್ಡಿನ ಜೊತೆ ಬೆರೆಸುವ ಹಾಗಿಲ್ಲ. ಕೆಲಸ ಆದಷ್ಟೇ ಅದರಿಂದ ತೆಗೆಯಬೇಕು. ಉಳಿದದ್ದು ನಿಮ್ಮದೇ. "ರಿಟೇನರ್ ವಾಪಸ್ ಇಲ್ಲ" ಅಂತ ಬರೆದಿದ್ದರೆ ಅಲ್ಲೇ ನಿಲ್ಲಿಸಿ ಪ್ರಶ್ನೆ ಕೇಳಿ. ನ್ಯೂಯಾರ್ಕಿನಲ್ಲಿ ಫ್ಯಾಮಿಲಿ ಕೇಸಿಗೆ ಅದು ನಿಷಿದ್ಧ. ಅಲ್ಲಿ ಕನಿಷ್ಠ 60 ದಿನಕ್ಕೊಮ್ಮೆ ವಿವರವಾದ ಬಿಲ್ಲನ್ನೂ ಕೊಡಬೇಕು. ಕ್ಯಾಲಿಫೋರ್ನಿಯಾದಲ್ಲಿ ಖರ್ಚು 1,000 ಡಾಲರ್ ದಾಟುತ್ತೆ ಅಂತ ಕಂಡರೆ ಒಪ್ಪಂದ ಬರವಣಿಗೆಯಲ್ಲೇ ಇರಬೇಕು. ನಿಮ್ಮ ರಾಜ್ಯದ ನಿಯಮ ಏನೇ ಇರಲಿ, ಬರವಣಿಗೆ ಇಲ್ಲದೆ ಚೆಕ್ ಬರೆಯಬೇಡಿ.

ಗಂಟೆ ಲೆಕ್ಕ ಅಂದೆ. ಅದು ನಿಜವಾಗಿ ಆರು ನಿಮಿಷದ ಲೆಕ್ಕ. ಗಂಟೆಯ ಹತ್ತನೇ ಒಂದು ಭಾಗ, ಬಿಲ್ಲಿನಲ್ಲಿ 0.1 ಅಂತ ಇರುತ್ತದೆ. ಗಂಟೆಗೆ 300 ಡಾಲರ್ ಅಂದುಕೊಳ್ಳಿ, ನಿಮ್ಮ ಒಂದು ಸಾಲಿನ ಇಮೇಲ್ ಓದಿದರೆ 30 ಡಾಲರ್. ರಾತ್ರಿ ನಿದ್ದೆ ಬರದೆ ಹತ್ತು ಇಮೇಲ್ ಕಳಿಸುವವರಿದ್ದರು. "ಅವನು ಇವತ್ತು ಮಗುಗೆ ಜಾಕೆಟ್ ಹಾಕಿಸಿಲ್ಲ", "ಅವನ ಅಮ್ಮ ಬಂದಿದಾರಂತೆ", ಹೀಗೆ. ನಾನು ಬಿಲ್ಲು ಮಾಡುವಾಗ ಹೊಟ್ಟೆ ಉರಿಯುತ್ತಿತ್ತು. ಹತ್ತನ್ನೂ ಒಂದೇ ಇಮೇಲಿನಲ್ಲಿ, ತಾರೀಕು ಹಾಕಿ, ವಾರಕ್ಕೊಮ್ಮೆ ಬರೆದಿದ್ದರೆ ಬಿಲ್ಲೂ ಇಳಿಯುತ್ತಿತ್ತು, ಕೋರ್ಟಿಗೆ ಉಪಯೋಗವೂ ಆಗುತ್ತಿತ್ತು. ಪ್ಯಾರಾಲೀಗಲ್ ಮಾಡುವ ಕೆಲಸಕ್ಕೆ ರೇಟು ಬೇರೆ ಇದೆಯಾ ಅಂತ ಕೇಳಿ. ಇರಬೇಕು.

"ಕೇಸು ಗೆದ್ದರೆ ಮಾತ್ರ ಫೀಸು" ಅನ್ನುವವರು ಸಿಕ್ಕರೆ ದೂರ ಇರಿ. ಆಕ್ಸಿಡೆಂಟ್ ಕೇಸಿಗೆ ಅದು ನಡೆಯುತ್ತದೆ. ಕ್ರಿಮಿನಲ್ ಆರೋಪಿಯ ಕೇಸಿನಲ್ಲಿ ಹಾಗೆ ಫೀಸು ನಿಗದಿ ಮಾಡುವುದನ್ನು ಆ ಮಾದರಿ ನಿಯಮಗಳೇ ತಡೆಯುತ್ತವೆ. ಡೈವೋರ್ಸ್ ಸಿಕ್ಕರೆ ಇಷ್ಟು, ಜೀವನಾಂಶದಲ್ಲಿ ಇಷ್ಟು ಪಾಲು ಅನ್ನೋದಕ್ಕೂ ಅದೇ ತಡೆ.

ನಮ್ಮಲ್ಲಿ ಫೀಸು ಕೊಡುವವರು ಬಹಳ ಸಲ ಅಪ್ಪ ಅಮ್ಮ ಅಥವಾ ಅಣ್ಣ. ಒಮ್ಮೆ ಒಬ್ಬ ತಂದೆ ಬೆಂಗಳೂರಿಂದ ಬಂದು ಮಗಳ ಜೊತೆ ಆಫೀಸಿಗೆ ಬಂದರು. ಮಗಳನ್ನು ಒಳಗೆ ಕರೆದ ಲಾಯರ್, ಅವರನ್ನು ಹೊರಗೇ ಕೂರಿ ಅಂದರು. ಅವರಿಗೆ ಅವಮಾನ ಆಯಿತು. "ದುಡ್ಡು ಕೊಡೋನು ನಾನು, ನನ್ನ ಮಗಳು ಅವಳು" ಅಂತ ನನ್ನ ಮೇಜಿನ ಮುಂದೆ ನಿಂತು ಕೂಗಾಡಿದರು. ಸಿಟ್ಟು ಅರ್ಥ ಆಗುವಂಥದ್ದೇ. ಆದರೆ ಲಾಯರ್ ಮಾಡಿದ್ದು ಸರಿ. ಫೀಸು ಯಾರೇ ಕೊಡಲಿ, ಲಾಯರ್ ನಿಷ್ಠೆ ಕಕ್ಷಿದಾರರಿಗೆ ಮಾತ್ರ. ಅಲ್ಲದೆ ಮೂರನೆಯವರು ಕೋಣೆಯಲ್ಲಿ ಕೂತಿದ್ದರೆ ಆ ಮಾತಿನ ಗೋಪ್ಯತೆಯ ರಕ್ಷಣೆ ಹೋಗಿಬಿಡಬಹುದು. ನಾಳೆ ಎದುರಿನವರು ಆ ತಂದೆಯನ್ನೇ ಸಾಕ್ಷಿಗೆ ಕರೆದು, ಒಳಗೆ ಏನು ಮಾತಾಡಿದರು ಹೇಳಿ ಅಂದರೆ? ಒಳಗೆ ಹೋದ ಮೇಲೆ ಆ ಹುಡುಗಿ ಹೇಳಿದ ಮೊದಲ ಮಾತು ಏನಿತ್ತು ಅಂದರೆ, ಅಪ್ಪನ ಎದುರು ಇದನ್ನು ಹೇಳೋಕೆ ಆಗ್ತಿರಲಿಲ್ಲ, ಅಂತ.

ಲಾಯರ್ ಹೆಸರು ಸಿಕ್ಕ ಕೂಡಲೇ ಆ ರಾಜ್ಯದ ಬಾರ್ ವೆಬ್‌ಸೈಟಿನಲ್ಲಿ ಹುಡುಕಿ. ಲೈಸೆನ್ಸ್ ಚಾಲ್ತಿಯಲ್ಲಿದೆಯಾ, ಶಿಸ್ತುಕ್ರಮ ಏನಾದರೂ ಆಗಿದೆಯಾ, ಅಲ್ಲಿ ತಿಳಿಯುತ್ತದೆ. ಟೆಕ್ಸಸ್, ಕ್ಯಾಲಿಫೋರ್ನಿಯಾದಂಥ ಕಡೆ ಫ್ಯಾಮಿಲಿ ಲಾ, ಕ್ರಿಮಿನಲ್ ಲಾಗೆ ಪರೀಕ್ಷೆ ಬರೆದು ಪಡೆಯುವ ಸ್ಪೆಷಲಿಸ್ಟ್ ಪ್ರಮಾಣಪತ್ರ ಇದೆ. ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ದೋಷ ಅಲ್ಲ. ನಿಮ್ಮ ಕೇಸು ಇರುವ ಕೋರ್ಟಿಗೆ ಆ ಮನುಷ್ಯ ವಾರಕ್ಕೆ ಎಷ್ಟು ಸಲ ಹೋಗುತ್ತಾನೆ ಅನ್ನೋದು ನನಗೆ ಅದಕ್ಕಿಂತ ಮುಖ್ಯ. ಇನ್ನು ಕನ್ನಡ ಬರುತ್ತೆ ಅನ್ನೋ ಒಂದೇ ಕಾರಣಕ್ಕೆ ಯಾರನ್ನೂ ಗೊತ್ತುಮಾಡಬೇಡಿ. ಭಾಷೆಗೆ ದುಭಾಷಿ ಸಿಗುತ್ತಾರೆ. ಕೇಳುವಾಗ ಕನ್ನಡದ ದುಭಾಷಿ ಅಂತ ಸ್ಪಷ್ಟವಾಗಿ ಕೇಳಿ, ಇಂಡಿಯಾದವರು ಅಂದರೆ ಹಿಂದಿ ಅಂತ ಬರೆದುಕೊಂಡುಬಿಡುತ್ತಾರೆ.

ಈಗ ಮೂರನೇ ಕೇಸು. ಸೋಲೋ ಲಾಯರ್ ಕಣ್ಣಿಗೆ ಬೀಳದೆ ಹೋಗುವ ಜಾಗ ಇದೇ ಅಂತ ನನ್ನ ಅನುಭವ. ಕ್ರಿಮಿನಲ್ ಕೋರ್ಟಿನಲ್ಲಿ ಒಂದು ಆಫರ್ ಬರುತ್ತದೆ. ತಪ್ಪು ಒಪ್ಪಿಕೊಳ್ಳಿ, ಒಂದು ವರ್ಷ ಕೌನ್ಸೆಲಿಂಗ್ ಕ್ಲಾಸಿಗೆ ಹೋಗಿ, ಆಮೇಲೆ ಕೇಸು ವಜಾ, ದಾಖಲೆಯಲ್ಲಿ ಶಿಕ್ಷೆ ಇಲ್ಲ. ಇಲ್ಲೇ ಹುಟ್ಟಿದವರಿಗೆ ಇದು ಒಳ್ಳೆಯ ಆಫರ್ ಇರಬಹುದು. ಆದರೆ ಇಮಿಗ್ರೇಷನ್ ಕಾನೂನಿಗೆ ತನ್ನದೇ ಲೆಕ್ಕ ಇದೆ. 1996ರ ತಿದ್ದುಪಡಿ ಆದ ಮೇಲೆ, ತಪ್ಪು ಒಪ್ಪಿಕೊಂಡು ಜಡ್ಜ್ ಯಾವುದೋ ಒಂದು ದಂಡನೆಯನ್ನೋ ನಿರ್ಬಂಧವನ್ನೋ ಹಾಕಿದರೆ ಸಾಕು, ಅದು ಶಿಕ್ಷೆಯಾದ ಹಾಗೆಯೇ. ಆಮೇಲೆ ರಾಜ್ಯದ ಕೋರ್ಟು ಕೇಸು ವಜಾ ಮಾಡಿದರೂ ಬದಲಾಗುವುದಿಲ್ಲ. ಕೌಟುಂಬಿಕ ಹಿಂಸೆಯ ಅಪರಾಧ ಗಡೀಪಾರಿಗೆ ಕಾರಣ ಅಂತ ಅದೇ ವರ್ಷ ಸೇರಿಸಿದರು. ಪ್ರೊಟೆಕ್ಟಿವ್ ಆರ್ಡರ್ ಮುರಿಯುವುದನ್ನೂ ಸೇರಿಸಿದರು. ಗ್ರೀನ್ ಕಾರ್ಡ್ ಇದ್ದವರಿಗೂ ಇದು ಅನ್ವಯಿಸುತ್ತದೆ.

2010ರಲ್ಲಿ ಪಡಿಯಾ ವಿರುದ್ಧ ಕೆಂಟಕಿ ಅನ್ನುವ ಕೇಸನ್ನು ಇಲ್ಲಿನ ಸುಪ್ರೀಂ ಕೋರ್ಟು ತೀರ್ಮಾನಿಸಿತು. ಪಡಿಯಾ 40 ವರ್ಷಕ್ಕೂ ಹೆಚ್ಚು ಕಾಲ ಇಲ್ಲಿ ಕಾನೂನುಬದ್ಧವಾಗಿ ಇದ್ದವನು. ವಿಯೆಟ್ನಾಂ ಯುದ್ಧದಲ್ಲಿ ಸೇವೆ ಮಾಡಿದವನು. ಟ್ರಕ್ಕಿನಲ್ಲಿ ಗಾಂಜಾ ಸಾಗಿಸಿದ ಕೇಸು. ಇಷ್ಟು ವರ್ಷದಿಂದ ಇದ್ದೀಯ, ಇಮಿಗ್ರೇಷನ್ ಚಿಂತೆ ಬೇಡ ಅಂತ ಲಾಯರ್ ಹೇಳಿದ್ದರು ಅನ್ನೋದು ಅವನ ದೂರು. ತಪ್ಪು ಒಪ್ಪಿಕೊಂಡ, ಗಡೀಪಾರು ಎದುರಿಗೆ ಬಂತು. ಗಡೀಪಾರಿನ ಅಪಾಯ ಇದೆ ಅಂತ ಕಕ್ಷಿದಾರರಿಗೆ ಹೇಳುವುದು ಕ್ರಿಮಿನಲ್ ಲಾಯರಿನ ಕರ್ತವ್ಯ ಅಂತ ಕೋರ್ಟು ತೀರ್ಪು ಕೊಟ್ಟಿತು. ನಿಮ್ಮ ಲಾಯರಿಗೆ ಇಮಿಗ್ರೇಷನ್ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅಂತ ಹೇಳಲಿ, ಪರವಾಗಿಲ್ಲ. ಪ್ಲೀಗೆ, ಅಂದರೆ ತಪ್ಪೊಪ್ಪಿಗೆಯ ಕಾಗದಕ್ಕೆ, ಸಹಿ ಹಾಕುವ ಮೊದಲು ಒಬ್ಬ ಇಮಿಗ್ರೇಷನ್ ಲಾಯರ್ ಅದನ್ನು ಓದಿ, ಬರವಣಿಗೆಯಲ್ಲಿ ಅಭಿಪ್ರಾಯ ಕೊಡಲಿ. ಒಂದೆರಡು ಗಂಟೆಯ ಫೀಸು ಆಗಬಹುದು. ಇದರಲ್ಲಿ ಉಳಿತಾಯ ಮಾಡಬೇಡಿ.

ಊರಿನ ಕಾನೂನೂ ಹಿಂದೆಯೇ ಬರುತ್ತದೆ. ಊರಿನಲ್ಲಿ ಹಿಂದೂ ವಿವಾಹ ಕಾಯ್ದೆಯಡಿ ಮದುವೆ ಆಗಿ ಇಲ್ಲಿ ಡೈವೋರ್ಸ್ ತೆಗೆದುಕೊಂಡರೆ ಅಲ್ಲಿ ಅದು ನಡೆಯುತ್ತದಾ? ಭಾರತದ ಸುಪ್ರೀಂ ಕೋರ್ಟು 1991ರಲ್ಲಿ ವೈ. ನರಸಿಂಹ ರಾವ್ ಕೇಸಿನಲ್ಲಿ ಇದನ್ನು ನೋಡಿದೆ. ತಿರುಪತಿಯಲ್ಲಿ ಮದುವೆ, ಮಿಸೌರಿಯಲ್ಲಿ ಗಂಡ ಡೈವೋರ್ಸ್ ತೆಗೆದುಕೊಂಡು ಇನ್ನೊಂದು ಮದುವೆಯಾದ. ಮೊದಲ ಹೆಂಡತಿ ದ್ವಿಪತ್ನಿತ್ವದ ಕ್ರಿಮಿನಲ್ ದೂರು ಕೊಟ್ಟಳು. ಇಲ್ಲಿ ಸಂಬಂಧ ಮುರಿದುಬಿದ್ದಿದೆ ಅಂದರೆ ಸಾಕು, ಡೈವೋರ್ಸ್ ಸಿಗುತ್ತದೆ. ಹಿಂದೂ ವಿವಾಹ ಕಾಯ್ದೆಯಲ್ಲಿ ಆ ಕಾರಣವೇ ಇಲ್ಲ. ಆ ಮಿಸೌರಿ ತೀರ್ಪನ್ನು ಕೋರ್ಟು ಮಾನ್ಯ ಮಾಡಲಿಲ್ಲ. ಆದರೆ ಇನ್ನೊಂದು ಕಡೆಯವರು ಡೈವೋರ್ಸಿಗೆ ಒಪ್ಪಿಗೆ ಕೊಟ್ಟಿದ್ದರೆ ಮಾನ್ಯ ಮಾಡಬಹುದು ಅಂತ ದಾರಿಯನ್ನೂ ತೋರಿಸಿತು. ಹಾಗಾಗಿ ಇಬ್ಬರೂ ಒಪ್ಪಿ ಬೇರೆಯಾಗುವುದಾದರೆ, ಆ ಒಪ್ಪಿಗೆ ಡಿಕ್ರಿಯಲ್ಲೇ ಸ್ಪಷ್ಟವಾಗಿ ಬರಲಿ ಅಂತ ಇಲ್ಲಿನ ಲಾಯರಿಗೆ ಹೇಳಿ. ಅವರಿಗೆ ನರಸಿಂಹ ರಾವ್ ಹೆಸರು ಗೊತ್ತಿರುವ ಸಾಧ್ಯತೆ ಕಡಿಮೆ. ನೀವೇ ಹೇಳಬೇಕು.

ಸೋಲೋ ಬೇಡ ಅನ್ನುವ ಸಂದರ್ಭವೂ ಉಂಟು. ಕೊಲೆ ಆರೋಪ, ಲಕ್ಷಾಂತರ ಪುಟಗಳ ಹಣಕಾಸು ವಂಚನೆ ಕೇಸು, ನಾಲ್ಕೈದು ಕಂಪನಿಗಳ ಷೇರು ಹಂಚಬೇಕಾದ ಡೈವೋರ್ಸ್, ಇವಕ್ಕೆ ಒಂದು ತಂಡ ಬೇಕು. ಇನ್ನು ಕ್ರಿಮಿನಲ್ ಕೇಸಿಗೆ ದುಡ್ಡೇ ಇಲ್ಲದಿದ್ದರೆ ಪಬ್ಲಿಕ್ ಡಿಫೆಂಡರ್, ಅಂದರೆ ಸರ್ಕಾರದ ಖರ್ಚಿನ ಲಾಯರ್, ಕೇಳಿ. ಗಿಡಿಯನ್ ಕೇಸಿನ 1963ರ ತೀರ್ಪಿನಿಂದ ಬಂದ ಹಕ್ಕು ಅದು. ಬಿಟ್ಟಿ ಲಾಯರ್ ಅಂತ ನಮ್ಮವರು ಮೂಗು ಮುರಿಯುತ್ತಾರೆ. ನಾನು ಕೋರ್ಟಿನಲ್ಲಿ ಕಂಡ ಹಾಗೆ ಅವರಷ್ಟು ಆ ಜಡ್ಜ್‌ಗಳನ್ನು, ಪ್ರಾಸಿಕ್ಯೂಟರ್‌ಗಳನ್ನು ಬಲ್ಲವರು ಬೇರೆ ಇಲ್ಲ. ಅವರ ಕಷ್ಟ ಒಂದೇ, ಕೇಸು ಜಾಸ್ತಿ. ಡೈವೋರ್ಸಿಗೆ ಮಾತ್ರ ಅಂಥ ಹಕ್ಕು ಇಲ್ಲ.

ಲಾಯರ್ ಸರಿಬರದಿದ್ದರೆ ಬದಲಾಯಿಸಬಹುದು. ಮಧ್ಯದಲ್ಲಿ ಹೊರಬರಬೇಕಾದರೆ ಅವರು ಕೋರ್ಟಿನ ಅನುಮತಿ ಕೇಳಬೇಕಾಗಬಹುದು, ಅಷ್ಟೇ. ಖರ್ಚಾಗದ ರಿಟೇನರ್ ವಾಪಸ್ ಬರಬೇಕು, ನಿಮಗೆ ಸೇರಿದ ಕಾಗದಪತ್ರವೂ ಬರಬೇಕು. ಟ್ರಯಲಿಗೆ ವಾರ ಇರುವಾಗ ಮಾತ್ರ ಈ ಕೆಲಸಕ್ಕೆ ಕೈ ಹಾಕಬೇಡಿ.

ಕೆಲವರು ಒಂದು ಪ್ರಶ್ನೆ ಕೇಳುತ್ತಾರೆ. ಗಂಡ ಹೆಂಡತಿ ಇಬ್ಬರೂ ಎಲ್ಲದಕ್ಕೂ ಒಪ್ಪಿದ್ದಾರೆ, ಒಬ್ಬರೇ ಲಾಯರ್ ಸಾಲದಾ ಅಂತ. ಡೈವೋರ್ಸ್ ಕೇಸಿನಲ್ಲಿ ಇಬ್ಬರೂ ಎದುರಾಳಿಗಳೇ, ಎಷ್ಟೇ ಸ್ನೇಹದಿಂದ ಇದ್ದರೂ. ಒಬ್ಬ ಲಾಯರ್ ಇಬ್ಬರ ಪರ ನಿಲ್ಲುವ ಹಾಗಿಲ್ಲ. ಅವರು ಬರೆದ ಒಪ್ಪಂದ ಫೀಸು ಕೊಟ್ಟ ಕಕ್ಷಿದಾರರ ಕಡೆಯಿಂದ ಬರೆದದ್ದು. ಇನ್ನೊಬ್ಬರು ಪೂರ್ತಿ ಕೇಸಿಗೆ ಲಾಯರ್ ಇಡಬೇಕಾಗಿಲ್ಲ. ಈ ಒಪ್ಪಂದ ಓದಿ ಹೇಳಿ ಅಂತ ಅಷ್ಟೇ ಕೆಲಸಕ್ಕೆ, ಒಂದೆರಡು ಗಂಟೆಗೆ, ಬೇರೆ ಒಬ್ಬ ಸೋಲೋ ಲಾಯರನ್ನು ಗೊತ್ತುಮಾಡಿಕೊಳ್ಳಬಹುದು. ಇದಕ್ಕೆ ಲಿಮಿಟೆಡ್ ಸ್ಕೋಪ್ ಅಂತಾರೆ, ಹೆಚ್ಚಿನ ರಾಜ್ಯಗಳಲ್ಲಿ ಇದೆ. ಓದಿಸುವಾಗ ಮನೆಯ ಸಾಲ, 401ಕೆ ಅನ್ನುವ ನಿವೃತ್ತಿ ಉಳಿತಾಯ, ಮಗುವಿನ ಪಾಸ್‌ಪೋರ್ಟ್ ಯಾರ ಹತ್ತಿರ ಇರುತ್ತದೆ, ಈ ಮೂರನ್ನು ಬೆರಳಿಟ್ಟು ಕೇಳಿ. ಪಾಸ್‌ಪೋರ್ಟ್ ಯಾಕೆ ಅಂದರೆ, ಮಕ್ಕಳನ್ನು ಒಂದು ದೇಶದಿಂದ ಇನ್ನೊಂದಕ್ಕೆ ಕರೆದೊಯ್ದರೆ ವಾಪಸ್ ಕಳಿಸುವ 1980ರ ಹೇಗ್ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ರಜೆಗೆ ಊರಿಗೆ ಹೋಗುವುದಕ್ಕೆ ಯಾರ ಒಪ್ಪಿಗೆ ಬೇಕು, ಯಾವ ತಾರೀಕಿಗೆ ವಾಪಸ್ ಬರಬೇಕು ಅನ್ನೋದು ಒಪ್ಪಂದದಲ್ಲಿ ಇಲ್ಲದಿದ್ದರೆ ಸೇರಿಸಿಸಿ, ಆಮೇಲೆ ಸಹಿ ಹಾಕಿ.